ನಿಂತ ಗಾಡಿ, ಬತ್ತಿದ ಬ್ಯಾಟರಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯ ಅಂಗಗಳಾದವು. ಈ ಸೀಮೆಯ ಒಕ್ಕಲು ಮನೆಗಳ ಅಂಗಳದಲ್ಲಿ ಒಂದು ಕಾಲಕ್ಕೆ ಎತ್ತುಗಳಿಗೆ ಇದ್ದ ಸ್ಥಾನವನ್ನು ಇಂದು ಮೋಟಾರ್ ಸೈಕಲ್ಲು ಪಡೆದುಕೊಂಡಿದೆ. ಡೇರಿಗೆ ಹಾಲಿನ ಕ್ಯಾನು, ಹೊಲಕ್ಕೆ ಗೊಬ್ಬರದ ಚೀಲ, ಸಂತೆಗೆ ವೀಳ್ಯದೆಲೆಯ ಪೆಂಡಿ, ಆಸ್ಪತ್ರೆಗೆ ಬಸುರಿ ಹೆಣ್ಣುಮಗಳು, ಜಾತ್ರೆಗೆ ಇಡೀ ಸಂಸಾರ, ಎಲ್ಲವೂ ಆ ಎರಡು ಗಾಲಿಗಳ ಮೇಲೆಯೇ ಸಾಗುತ್ತವೆ. ಎತ್ತು ಮಲಗಿದರೆ ಮನೆಯವರಿಗೆ ಅನ್ನ ಸೇರುತ್ತಿರಲಿಲ್ಲ; ಗಾಡಿ ನಿಂತರೂ ಇಂದು ಮನೆಯ ಅರ್ಧ ಕೆಲಸ ನಿಲ್ಲುತ್ತದೆ. ಗಾಡಿ ನಿಲ್ಲುವುದಕ್ಕೆ ಅತಿ ಸಾಮಾನ್ಯವಾದ ಕಾರಣಗಳಲ್ಲಿ ಒಂದು, ಸೀಟಿನ ಕೆಳಗೆ ಕಣ್ಣಿಗೆ ಬೀಳದಂತೆ ಕುಳಿತಿರುವ ಅಂಗೈಯಗಲದ ಬ್ಯಾಟರಿ.

ಮಠದ ಪಾಠಶಾಲೆಯಲ್ಲಿ ಸಂಸ್ಕೃತ ವ್ಯಾಕರಣ ಓದಿದ ನಾವು ಈ ವಿಷಯವನ್ನು ಬರೆಯಲು ಹೊರಟಿರುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಆದರೆ ಮಠದಲ್ಲಿ ನಾವು ಕಲಿತದ್ದು ಸೂತ್ರಗಳನ್ನಷ್ಟೇ ಅಲ್ಲ. ಲಾಟೀನಿನ ಗಾಜು ಒರೆಸುವುದು, ಬಾವಿಯ ಗಡಗಡಿಗೆ ಎಣ್ಣೆ ಬಿಡುವುದು, ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ಇವೂ ಪಾಠಗಳೇ ಆಗಿದ್ದವು. ಕೆಟ್ಟದ್ದನ್ನು ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕೆಂಬುದು ನಮ್ಮ ಗುರುಗಳ ಕಟ್ಟಳೆ. ಅವರ ಬಳಿಗೆ ಬರುತ್ತಿದ್ದ ಭಕ್ತರೊಬ್ಬರಲ್ಲಿ ಜಾವಾ ಗಾಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಆ ಗಾಡಿಗಳಿಗೆ 6 ವೋಲ್ಟಿನ ಬ್ಯಾಟರಿ ಇರುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಬ್ಯಾಟರಿಗೆ ನೀರು ಕುಡಿಸುವುದನ್ನು ನಾವು ಮೊದಲು ಕಂಡದ್ದು ಆ ಜಾವಾದ ಬಳಿಯಲ್ಲಿಯೇ. ಮುಂದೆ ಶ್ರಾವಣ ಮಾಸದ ಪ್ರವಚನಗಳಿಗಾಗಿ ಈ ನಾಲ್ಕು ತಾಲೂಕುಗಳ ಹಳ್ಳಿಗಳನ್ನು ನಾವೇ ಗಾಡಿಯ ಮೇಲೆ ಸುತ್ತುವ ಪ್ರಸಂಗ ಬಂದಾಗ ಆ ವಿದ್ಯೆ ಬಹಳ ಉಪಯೋಗಕ್ಕೆ ಬಂದಿತು.

ಬ್ಯಾಟರಿಯೊಳಗೆ ನಡೆಯುವುದೇನೆಂಬುದನ್ನು ಮೊದಲು ತಿಳಿಯೋಣ. ಸೀಸ ಮತ್ತು ಗಂಧಕಾಮ್ಲದ ಈ ಜೋಡಣೆಯನ್ನು ಕಂಡುಹಿಡಿದವರು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಅದು 1859ರ ಮಾತು. 1881ರಲ್ಲಿ ಅದೇ ದೇಶದ ಕಮಿಲ್ ಫೋರ್ ಎಂಬವರು ಸೀಸದ ತಗಡುಗಳಿಗೆ ಸೀಸದ ಸಂಯುಕ್ತಗಳ ಲೇಪ ಹಚ್ಚಿ ಅದರ ಶಕ್ತಿಯನ್ನು ಬಹಳವಾಗಿ ಹೆಚ್ಚಿಸಿದರು. ಅಂದಿನಿಂದ ಇಂದಿನವರೆಗೆ ಮೂಲತತ್ವ ಬದಲಾಗಿಲ್ಲ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಣೆಗಳಿವೆ. ಒಂದೊಂದು ಕೋಣೆಯೂ 2 ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಪ್ರತಿ ಕೋಣೆಯಲ್ಲಿಯೂ ಕಂದು ಬಣ್ಣದ ಸೀಸದ ಡೈಆಕ್ಸೈಡಿನ ತಗಡು ಒಂದೆಡೆ, ಬೂದು ಬಣ್ಣದ ಮೃದುವಾದ ಸೀಸದ ತಗಡು ಇನ್ನೊಂದೆಡೆ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ವಿದ್ಯುತ್ತು ಖರ್ಚಾಗುತ್ತ ಹೋದಂತೆ ಎರಡೂ ತಗಡುಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಆಮ್ಲ ತೆಳುವಾಗಿ ನೀರಿನಂತಾಗುತ್ತದೆ. ಚಾರ್ಜು ಮಾಡಿದಾಗ ಈ ಕ್ರಿಯೆ ಹಿಮ್ಮುಖವಾಗಿ ನಡೆದು ತಗಡುಗಳೂ ಆಮ್ಲವೂ ತಮ್ಮ ಮೊದಲ ಸ್ವರೂಪಕ್ಕೆ ಮರಳುತ್ತವೆ.

ಖರ್ಚಾದ ಬ್ಯಾಟರಿಯನ್ನು ಕೂಡಲೇ ತುಂಬಿದರೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಮೃದುವಾಗಿದ್ದ ಸಲ್ಫೇಟು ಗಟ್ಟಿ ಹರಳುಗಳಾಗಿ ತಗಡಿಗೆ ಅಂಟಿಕೊಳ್ಳುತ್ತದೆ. ಬಚ್ಚಲ ಹಂಡೆಯ ಒಳಮೈಗೆ ಬೋರಿನ ನೀರಿನ ಸುಣ್ಣ ಕಟ್ಟಿಕೊಳ್ಳುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಹೊಸ ಸುಣ್ಣ ಉಜ್ಜಿದರೆ ಹೋಗುತ್ತದೆ. ಹಳೆಯದು ಕಲ್ಲಾಗಿ ಕೂತುಬಿಡುತ್ತದೆ. ಬ್ಯಾಟರಿ 'ಸತ್ತಿತು' ಎನ್ನುವಲ್ಲಿ ಬಹಳ ಸಲ ಆಗಿರುವುದು ಇಷ್ಟೇ. ಗಾಡಿ ನಿಂತಲ್ಲಿಯೇ ಇದ್ದರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಪ್ರತಿ ತಿಂಗಳೂ ತುಸುತುಸುವಾಗಿ ಬರಿದಾಗುತ್ತದೆ. ಸೆಖೆ ಹೆಚ್ಚಿದಷ್ಟೂ ಬೇಗ ಬರಿದಾಗುತ್ತದೆ.

ಹಿರೇಕೆರೂರು ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಂಗಿಯ ಮನೆಯಿದೆ. 2022ರ ಜನವರಿಯಲ್ಲಿ ಅವಳ ಯಜಮಾನರು ತೀರಿಕೊಂಡರು. ಅವರ ಗಾಡಿ ಪಡಸಾಲೆಯ ಮೂಲೆಯಲ್ಲಿ, ಅವರದೇ ಹಳೆಯ ಧೋತರದ ಹೊದಿಕೆಯಲ್ಲಿ ಏಳು ತಿಂಗಳು ಹಾಗೆಯೇ ನಿಂತಿತ್ತು. ಪ್ರತಿ ಖಂಡೇನವಮಿಗೆ ಅದನ್ನು ತೊಳೆದು ವಿಭೂತಿ ಹಚ್ಚಿ ಚೆಂಡು ಹೂವಿನ ಮಾಲೆ ಹಾಕುತ್ತಿದ್ದವರು ಇಲ್ಲವಾದ ಮೇಲೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಗುಜರಿಯವನೊಬ್ಬ ಎರಡು ಸಲ ಬಂದು, ಬ್ಯಾಟರಿ ಹೋದ ಗಾಡಿಗೆ ಬೆಲೆಯೆಲ್ಲಿಯದೆಂದು ಹೇಳಿ ಅತಿ ಕಡಿಮೆ ಹಣಕ್ಕೆ ಕೇಳಿದ್ದನು. ಶ್ರಾವಣದಲ್ಲಿ ನಾವು ಹೋದಾಗ ತಂಗಿ ಹೇಳಿದ್ದು ಹೀಗೆ: "ಅಣ್ಣಾ, ಅದನ್ನ ಮಾರಾಕೂ ಮನಸ್ಸಿಲ್ಲ, ದಿನಾ ಕಣ್ಣೆದುರಿಗೆ ನೋಡಾಕೂ ಆಗವಲ್ದು."

ಅವಳ ಹಿರಿಯ ಮಗಳು ಆರು ಮೈಲು ದೂರದ ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ತಂದೆ ಬದುಕಿದ್ದಾಗಲೇ ಹೊಲದ ದಾರಿಯಲ್ಲಿ ಗಾಡಿ ಓಡಿಸುವುದನ್ನು ಕಲಿತು ಲೈಸೆನ್ಸನ್ನೂ ಪಡೆದಿದ್ದಳು. "ಮಾಮಾ, ಮುಂಜಾನಿ ಬಸ್ಸು ತಪ್ಪಿದ್ರ ಸಾಲಿ ಮುಟ್ಟೂದು ಹತ್ತೂವರಿ ಆಕ್ಕೈತಿ. ಹೆಡ್ ಮಾಸ್ತರ್ರು ಎರಡು ಸಲ ಹೇಳ್ಯಾರ, ಮೂರನೇ ಸಲ ಹೇಳೂದಿಲ್ಲ. ಗಾಡಿ ಚಾಲೂ ಆದ್ರ ನಾನ ಹೊಡಕೊಂಡು ಹೋಗ್ತೀನಿ" ಎಂದಳು. ಹೆಣ್ಣುಹುಡುಗಿ ಗಂಡಸರ ಗಾಡಿಯ ಮೇಲೆ ಹೋದರೆ ಊರು ಏನೆಂದೀತೆಂಬ ಅಳುಕು ತಾಯಿಗೆ. ತಂಗಿಗೆ ನಾವು ಹೇಳಿದೆವು: "ಊರು ಎರಡು ದಿನ ಮಾತಾಡತೈತಿ ತಂಗಿ, ಆಮೇಲೆ ಸುಮ್ಮನಾಗತೈತಿ. ಪಗಾರ ನಿಂತರ ಊರು ತಂದು ಕೊಡೂದಿಲ್ಲ." ಅವಳು ಉತ್ತರ ಕೊಡಲಿಲ್ಲ. ಆದರೆ ತಾನೇ ಎದ್ದು ಹೋಗಿ ಗಾಡಿಯ ಮೇಲಿನ ಧೋತರವನ್ನು ತೆಗೆದು ಮಡಚಿ ಪೆಟ್ಟಿಗೆಯಲ್ಲಿಟ್ಟಳು.

ಆ ಗಾಡಿಯ ಕಿಡಿಯ ವ್ಯವಸ್ಥೆಯೂ ಬ್ಯಾಟರಿಯನ್ನೇ ನೆಚ್ಚಿದ್ದುದರಿಂದ ಕಿಕ್ ಹೊಡೆದು ಪ್ರಯೋಜನವಿರಲಿಲ್ಲ. ಹೊಸ ಬ್ಯಾಟರಿಗೆ ಸಾವಿರದ ಮೇಲೆ ಕೆಲವು ನೂರು ರೂಪಾಯಿ ಬೇಕು. ಅತಿಥಿ ಶಿಕ್ಷಕರ ಗೌರವಧನ ತಿಂಗಳು ತಿಂಗಳು ಬಾರದ ಆ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಆದ್ದರಿಂದ ಇದ್ದುದನ್ನೇ ಪರೀಕ್ಷಿಸಿ ನೋಡುವುದೆಂದು ನಿಶ್ಚಯಿಸಿದೆವು.

ಬ್ಯಾಟರಿ ಕಳಚುವಾಗ ಋಣ ತುದಿಯ, ಎಂದರೆ ಮೈನಸ್ಸಿನ ತಂತಿಯನ್ನು ಮೊದಲು ಬಿಚ್ಚತಕ್ಕದ್ದು; ಮರಳಿ ಜೋಡಿಸುವಾಗ ಪ್ಲಸ್ಸನ್ನು ಮೊದಲು, ಮೈನಸ್ಸನ್ನು ಕೊನೆಗೆ. ಈ ಕ್ರಮ ತಪ್ಪಿದರೆ ಪಾನಾ ಗಾಡಿಯ ಕಬ್ಬಿಣಕ್ಕೆ ತಗುಲಿ ಕಿಡಿ ಹಾರುತ್ತದೆ. ತಂಗಿಯ ಮನೆಯ ಬ್ಯಾಟರಿ ನೀರು ಹಾಕುವ ಜಾತಿಯದು, 12 ವೋಲ್ಟು, 5 ಎ.ಎಚ್. ಅಳತೆಯದು. ಅದರ ಹೊರಮೈ ಅರೆಪಾರದರ್ಶಕವಾದ್ದರಿಂದ ಒಳಗಿನ ನೀರಿನ ಮಟ್ಟ ಕಾಣುತ್ತಿತ್ತು. ಎಲ್ಲ ಕೋಣೆಗಳಲ್ಲಿಯೂ ನೀರು ಕೆಳಗೆರೆಗಿಂತ ಇಳಿದಿತ್ತು. ಎರಡರಲ್ಲಿ ತಗಡಿನ ತಲೆಯೇ ಬಯಲಾಗಿತ್ತು. ಮೀಟರು ಹಿಡಿದಾಗ 9.8 ವೋಲ್ಟು ತೋರಿಸಿತು. ಪೂರ್ಣ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರಿಂದ 12.8 ತೋರಿಸಬೇಕು, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಎಂದರೆ ಬಹುಮಟ್ಟಿಗೆ ಬರಿದು. ಆದರೆ ಹೊರಮೈ ಉಬ್ಬಿರಲಿಲ್ಲ, ಸೀಳಿರಲಿಲ್ಲ, ತಳದಲ್ಲಿ ಕೆಸರು ತುಂಬಿರಲಿಲ್ಲ. ಇವು ಆಸೆ ಇಟ್ಟುಕೊಳ್ಳಬಹುದಾದ ಲಕ್ಷಣಗಳು.

ಸವಣೂರಿನಲ್ಲಿ ನಮಗೆ ಪರಿಚಯದ ವೃದ್ಧ ಸಾಹೇಬರೊಬ್ಬರು ನಲವತ್ತು ವರ್ಷ ಬ್ಯಾಟರಿಯ ಕೆಲಸ ಮಾಡಿದವರು. ಬ್ಯಾಟರಿಯ ಮೇಲ್ಭಾಗಕ್ಕೆ ಡಾಂಬರಿನ ಮುದ್ರೆ ಇದ್ದ ಕಾಲದಲ್ಲಿ ಅದನ್ನು ಬಿಚ್ಚಿ ಕೆಟ್ಟ ತಗಡು ತೆಗೆದು ಹೊಸದನ್ನು ಕೂಡಿಸುತ್ತಿದ್ದರು. ಅವರ ಅಂಗಿಯ ತುಂಬ ಆಮ್ಲದ ಹನಿ ಬಿದ್ದು ಆದ ಸಣ್ಣ ಸಣ್ಣ ತೂತುಗಳು. ತಮ್ಮ ಸಣ್ಣ ಚಾರ್ಜರನ್ನು ನಮಗೆ ಕೊಡುತ್ತ ಅವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ: "ಶಾಸ್ತ್ರಿಗಳ, ಇದಕ್ಕ ಅವಸರದ ಊಟ ಒಗ್ಗೂದಿಲ್ಲ. ಬ್ಯಾನಿಯಿಂದ ಎದ್ದವರಿಗೆ ಗಂಜಿ ಕುಡಿಸಿದಂಗ ಕುಡಿಸ್ರಿ."

ಆ ಗಂಜಿಯ ಲೆಕ್ಕ ಹೀಗಿದೆ. ಬ್ಯಾಟರಿಯ ಮೇಲೆ ಬರೆದ ಎ.ಎಚ್. ಅಂಕಿಯ ಹತ್ತನೆಯ ಒಂದು ಪಾಲಿನಷ್ಟು ಆಂಪಿಯರ್ ಮಾತ್ರ ಹರಿಸಬೇಕು. 5 ಎ.ಎಚ್. ಬ್ಯಾಟರಿಗೆ ಅರ್ಧ ಆಂಪಿಯರ್. ಬುಲೆಟ್ಟಿನ 14 ಎ.ಎಚ್. ಬ್ಯಾಟರಿಗೆ ಸುಮಾರು 1.4. ಟ್ರ್ಯಾಕ್ಟರಿನ ಬ್ಯಾಟರಿ ತುಂಬುವ ದೊಡ್ಡ ಚಾರ್ಜರಿಗೆ ಈ ಕೂಸನ್ನು ಕಟ್ಟಿದರೆ ತಗಡು ಕಾದು ಬಾಗಿ, ಉಳಿಯಬಹುದಾಗಿದ್ದುದೂ ಹಾಳಾಗುತ್ತದೆ.

ಮೊದಲು ಮುಚ್ಚಳಗಳನ್ನು ತೆಗೆದು ತಗಡು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ನೀರು ಹಾಕಿದೆವು. ನಳದ ನೀರು, ಬೋರಿನ ನೀರು, ಕುದಿಸಿ ಆರಿಸಿದ ನೀರು ಯಾವುದೂ ಸಲ್ಲದು. ಅವುಗಳಲ್ಲಿರುವ ಲವಣಾಂಶ ತಗಡನ್ನು ಕೆಡಿಸುತ್ತದೆ. ಆಮ್ಲವನ್ನೂ ಹಾಕಬಾರದು. ಆಮ್ಲ ಎಲ್ಲಿಗೂ ಹೋಗಿರುವುದಿಲ್ಲ, ತಗಡಿನ ಮೇಲಿನ ಸಲ್ಫೇಟಿನಲ್ಲಿಯೇ ಅಡಗಿರುತ್ತದೆ; ಆವಿಯಾಗಿ ಹೋದದ್ದು ನೀರು ಮಾತ್ರ. ಮೇಲ್ಗೆರೆಯವರೆಗೆ ತುಂಬುವುದು ಚಾರ್ಜು ಪೂರ್ಣವಾದ ನಂತರ. ಏಕೆಂದರೆ ಚಾರ್ಜಾದಂತೆ ಒಳಗಿನ ಮಟ್ಟ ಏರಿ ಆಮ್ಲ ಹೊರಚೆಲ್ಲಬಹುದು.

ಚಾರ್ಜರು ಕಟ್ಟಿದಾಗ ಮುಳ್ಳು ಅಲುಗಲೇ ಇಲ್ಲವೆನ್ನುವಷ್ಟು ಕಡಿಮೆ ವಿದ್ಯುತ್ತು ಹರಿಯಿತು. ನಮ್ಮ ಸೋದರ ಸೊಸೆಯ ಮುಖ ಸಪ್ಪಗಾಯಿತು. ಹರಳು ಕಟ್ಟಿದ ತಗಡು ಆರಂಭದಲ್ಲಿ ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ಚಾರ್ಜರಿನ ಬಲ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಅದನ್ನು ತಡೆದುಕೊಂಡು ಕಾಯಬೇಕು. ನಾಲ್ಕು ತಾಸಿನ ಮೇಲೆ ಮುಳ್ಳು ಮೆಲ್ಲನೆ ಏರತೊಡಗಿ, ಸಂಜೆಯ ಹೊತ್ತಿಗೆ ಅರ್ಧ ಆಂಪಿಯರಿಗೆ ಬಂದು ನಿಂತಿತು. ಗಟ್ಟಿಯಾದದ್ದು ಕರಗುತ್ತಿದೆ ಎಂಬುದಕ್ಕೆ ಅದೇ ಗುರುತು. ರಾತ್ರಿಯಿಡೀ ಬಿಟ್ಟೆವು; ಬೆಳಗಿನ ಜಾವಕ್ಕೆ ಆರೂ ಕೋಣೆಗಳಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಒಂದೇ ಒಂದು ಕೋಣೆ ಸುಮ್ಮನಿದ್ದರೂ ಅದು ಸತ್ತಿದೆ ಎಂದೇ ಅರ್ಥ. ಆರೂ ಉಸಿರಾಡುತ್ತಿದ್ದುದನ್ನು ಕಂಡು ನಮಗೆ ಸಮಾಧಾನವಾಯಿತು.

ಆ ಗುಳ್ಳೆಗಳ ವಿಷಯದಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆ. ಚಾರ್ಜಾಗುವಾಗ ಹೊರಬರುವುದು ಜಲಜನಕ. ಕಿಡಿ ತಗುಲಿದರೆ ಸಿಡಿಯುವ ಅನಿಲ. ಆದ್ದರಿಂದ ಅಡುಗೆಮನೆಯಲ್ಲಾಗಲಿ, ದೇವರ ಜಗುಲಿಯ ನಂದಾದೀಪದ ಸಮೀಪದಲ್ಲಾಗಲಿ, ಮುಚ್ಚಿದ ಕೋಣೆಯಲ್ಲಾಗಲಿ ಇದನ್ನು ಇಡಲೇಕೂಡದು. ಗಾಳಿಯಾಡುವ ಹಿತ್ತಲ ಕಟ್ಟೆಯೇ ಯೋಗ್ಯ. ಬೀಡಿ ಸೇದುವವರನ್ನು ದೂರವಿಡಿರಿ. ತಂತಿ ಕಟ್ಟುವುದನ್ನೂ ಬಿಚ್ಚುವುದನ್ನೂ ಚಾರ್ಜರಿನ ಗುಂಡಿ ಆರಿಸಿದ ಮೇಲೆಯೇ ಮಾಡಿರಿ. ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಆಮ್ಲ ಮೈಮೇಲೆ ಬಿದ್ದರೆ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ನೆಲದ ಮೇಲೆ ಚೆಲ್ಲಿದ್ದಕ್ಕೆ ಅಡುಗೆ ಸೋಡಾ ಉದುರಿಸಿದರೆ ಅದರ ಉಗ್ರತೆ ಅಡಗುತ್ತದೆ. ತುದಿಗಳ ಮೇಲೆ ಬೆಳೆದ ಬಿಳಿಯ ಬೂಷ್ಟನ್ನು ತೊಳೆಯುವುದಕ್ಕೂ ಸೋಡಾ ಕದಡಿದ ನೀರೇ ಸಾಕು. ಆದರೆ ಅದರ ಒಂದು ಹನಿಯೂ ಬ್ಯಾಟರಿಯ ಒಳಗೆ ಇಳಿಯಬಾರದು.

ಒಮ್ಮೆ ತುಂಬಿದ ಮಾತ್ರಕ್ಕೆ ಬ್ಯಾಟರಿ ಬದುಕಿತೆಂದು ಹೇಳಲಾಗದು. ಅದರಲ್ಲಿ ಉಳಿದಿರುವ ಕಸುವೆಷ್ಟೆಂಬುದನ್ನು ಅಳೆಯಬೇಕು. ಇದಕ್ಕೆ ನಾವು ಗಾಡಿಯ 5 ವ್ಯಾಟಿನ ಸಣ್ಣ ಬಲ್ಬನ್ನು ಕಟ್ಟಿದೆವು. ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ವೋಲ್ಟು 11.5ಕ್ಕೆ ಇಳಿದ ಕೂಡಲೇ ಬಿಚ್ಚಿ ಮತ್ತೆ ನಿಧಾನವಾಗಿ ತುಂಬಿದೆವು. ಮೊದಲ ಸಲ ಬಲ್ಬು ಉರಿದದ್ದು ಮೂರು ತಾಸು; ಎರಡನೆಯ ಸಲ ಆರು; ಮೂರನೆಯ ಸಲ ಎಂಟು ತಾಸು. ಎಂಟು ತಾಸನ್ನು 0.4ರಿಂದ ಗುಣಿಸಿದರೆ ಮೂರಕ್ಕೆ ಮೇಲೆ. ಅಂದರೆ ಐದರ ಪಾತ್ರೆಯಲ್ಲಿ ಮೂರರಷ್ಟು ಜಾಗ ನಮಗೆ ಮರಳಿ ದಕ್ಕಿತು. ಉಳಿದದ್ದು ಕಲ್ಲಾಗಿಯೇ ಹೋಯಿತು. ನಾಲ್ಕನೆಯ ಸಲ ಹೆಚ್ಚಿನ ಲಾಭ ಕಾಣಲಿಲ್ಲವಾದ್ದರಿಂದ ಅಲ್ಲಿಗೆ ನಿಲ್ಲಿಸಿದೆವು. ಹೀಗೆ ನಮ್ಮ ಬೀಡು ಅಲ್ಲಿ ವಾರದವರೆಗೆ ಮುಂದುವರಿಯಿತು.

ಪೂರ್ಣ ತುಂಬಿದ ಮೇಲೆ ಹನ್ನೆರಡು ತಾಸು ಏನನ್ನೂ ಕಟ್ಟದೆ ಇಟ್ಟು ನೋಡಿದಾಗ 12.5 ವೋಲ್ಟು ನಿಂತಿತ್ತು. ಗಾಡಿಗೆ ಕೂಡಿಸಿ ಸ್ಟಾರ್ಟರಿನ ಗುಂಡಿ ಒತ್ತಿದಾಗ ವೋಲ್ಟು 10ರ ಕೆಳಗೆ ಇಳಿಯಲಿಲ್ಲ. ಹಳೆಯ ಪೆಟ್ರೋಲನ್ನು ಮೊದಲೇ ತೆಗೆದು ಹೊಸದು ಹಾಕಿದ್ದೆವಾದ್ದರಿಂದ ಮೂರನೆಯ ಒತ್ತಿಗೆ ಇಂಜಿನು ಹೊತ್ತಿಕೊಂಡಿತು. ಆ ಸಪ್ಪಳಕ್ಕೆ ತಂಗಿ ಒಳಗಿನಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಏಳು ತಿಂಗಳಿಂದ ಆ ಮನೆಯಲ್ಲಿ ಕೇಳಿರದ ಸಪ್ಪಳವದು. ಅವಳು ಅತ್ತಳು, ನಾವೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ನಂತರ ಮಗಳಿಗೆ, "ಹೆಲ್ಮೆಟ್ ಹಾಕ್ಕೋ, ಮೆಲ್ಲಕ ಹೋಗು" ಎಂದಷ್ಟೇ ಹೇಳಿದಳು. ಹುಡುಗಿ ಆ ವರ್ಷದ ಉಳಿದ ತಿಂಗಳುಗಳಲ್ಲಿ ಶಾಲೆಗೆ ಒಂದು ದಿನವೂ ತಡವಾಗಿ ಹೋಗಲಿಲ್ಲ. ಆ ಬ್ಯಾಟರಿ ಎಂಟು ತಿಂಗಳು ನಡೆಯಿತು. ಅದು ಮತ್ತೆ ಸೋತಾಗ ತನ್ನ ಗಳಿಕೆಯಲ್ಲಿಯೇ ಹೊಸದನ್ನು ತಂದು ತಾನೇ ಕೂಡಿಸಿದಳು.

ಎಲ್ಲ ಬ್ಯಾಟರಿಗಳೂ ಹೀಗೆ ಏಳುವುದಿಲ್ಲ. ಶಿಗ್ಗಾವಿಯಲ್ಲಿ ನಮ್ಮ ಪ್ರವಚನಕ್ಕೆ ಬರುತ್ತಿದ್ದ ತರುಣನೊಬ್ಬನ ಗಾಡಿ 2020ರ ಏಪ್ರಿಲ್ ನಂತರದ್ದು, ಬಿ.ಎಸ್. 6 ನಿಯಮದಂತೆ ಇಂಧನವನ್ನು ಇಂಜೆಕ್ಷನ್ ಮೂಲಕ ಪಡೆಯುವಂಥದ್ದು. ಈ ಬಗೆಯ ಹಲವು ಗಾಡಿಗಳು ಬ್ಯಾಟರಿ ಪೂರ್ಣ ಬತ್ತಿದರೆ ತಳ್ಳಿದರೂ ಹೊತ್ತಿಕೊಳ್ಳವು; ಪೆಟ್ರೋಲು ಪಂಪಿಗೂ ಗಣಕಯಂತ್ರದ ಪೆಟ್ಟಿಗೆಗೂ ವಿದ್ಯುತ್ತು ಬೇಕು. ಅವನದು ನೀರು ಹಾಕದ, ಮುಚ್ಚಿ ಬಿಗಿದ ಬ್ಯಾಟರಿ. ಅದರ ಬದಿಗಳು ಉಬ್ಬಿದ್ದವು. ಚಾರ್ಜು ಮಾಡಿ ಮರುದಿನ ನೋಡಿದರೆ 10.4 ವೋಲ್ಟು. ಒಂದು ಕೋಣೆ ಒಳಗೇ ಕೂಡಿಕೊಂಡು ಸತ್ತಾಗ ಆರರಲ್ಲಿ ಐದರ ವೋಲ್ಟು ಮಾತ್ರ ಉಳಿಯುವುದರಿಂದ ಈ ಅಂಕಿ ಬರುತ್ತದೆ. ಅದರ ಮುಚ್ಚಳ ಕಿತ್ತು ಭೇದಿ ಉಪ್ಪು ಹಾಕಬೇಕೆಂದು, ಸ್ಫಟಿಕದ ನೀರು ಹೊಯ್ಯಬೇಕೆಂದು ಅವನಿಗೆ ಯಾರೋ ಹೇಳಿದ್ದರು. "ತಮ್ಮಾ, ಮುರಿದ ತಗಡನ್ನ ಯಾವ ಉಪ್ಪೂ ಕೂಡಸೂದಿಲ್ಲ, ಹೊಸಾದು ತಗೋ" ಎಂದು ತಿಳಿಹೇಳಿದೆವು. ಮುಚ್ಚಿ ಬಿಗಿದ ಬ್ಯಾಟರಿಯನ್ನು ಕೀಳಬಾರದು; ಅದಕ್ಕೆ ಒಪ್ಪುವ, 14.4 ವೋಲ್ಟಿನ ಆಸುಪಾಸಿನಲ್ಲಿ ತಾನೇ ತಡೆಯುವ ಚಾರ್ಜರಿನಿಂದ ಮಾತ್ರ ಪ್ರಯತ್ನಿಸಬೇಕು. ಉಬ್ಬಿದ್ದನ್ನು, ಸೀಳಿದ್ದನ್ನು, ಚಾರ್ಜಿನಲ್ಲಿ ಕೈಸುಡುವಷ್ಟು ಕಾಯುವುದನ್ನು ಕೈಬಿಡತಕ್ಕದ್ದು.

ಸತ್ತ ಬ್ಯಾಟರಿಯನ್ನು ಏನು ಮಾಡಬೇಕೆಂಬುದು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ಸವಣೂರಿನ ಆ ಸಾಹೇಬರು ಹಿಂದೆ ತಮ್ಮ ಹಿತ್ತಲಲ್ಲಿಯೇ ಸೀಸ ಕರಗಿಸುತ್ತಿದ್ದರು. ಮೊಮ್ಮಕ್ಕಳು ಅದೇ ಮಣ್ಣಿನಲ್ಲಿ ಆಡುವುದನ್ನು ಕಂಡ ದಿನ ಒಲೆಯನ್ನು ಕೆಡವಿಸಿದರಂತೆ. ಅವರು ಮಾಡಿದ್ದು ವಿವೇಕದ ಕೆಲಸ. ಸೀಸದ ಧೂಳು ಮತ್ತು ಹೊಗೆ ಮಕ್ಕಳ ಮಿದುಳನ್ನು ಕುಂಠಿತಗೊಳಿಸುತ್ತವೆ. ಇಷ್ಟರವರೆಗೆ ಅಪಾಯವಿಲ್ಲವೆಂದು ಹೇಳಬಹುದಾದ ಯಾವ ಪ್ರಮಾಣವೂ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಜಗತ್ತಿನ ಮಕ್ಕಳಲ್ಲಿ ಮೂವರಿಗೊಬ್ಬರಂತೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಕಳವಳಪಡಬೇಕಾದಷ್ಟು ಸೀಸವಿದೆಯೆಂದು ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿ ತಿಳಿಸಿತು. ಕಂಡಕಂಡಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವುದು ಅದಕ್ಕೆ ದೊಡ್ಡ ಕಾರಣವೆಂದು ಅದೇ ವರದಿಯಲ್ಲಿದೆ. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆಯೇ ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಪ್ಪಿಸಿದರೆ ಬೆಲೆಯಲ್ಲಿ ತುಸು ಕಡಿತವೂ ದೊರೆಯುತ್ತದೆ. ಗುಜರಿಯವನು ಹತ್ತು ರೂಪಾಯಿ ಹೆಚ್ಚು ಕೊಟ್ಟಾನೆಂದು ಅವನ ಕೈಗೆ ಹಾಕಿದರೆ, ಆ ಹತ್ತು ರೂಪಾಯಿಯ ಬೆಲೆಯನ್ನು ಯಾವುದೋ ಓಣಿಯ ಕೂಸು ತೆರಬೇಕಾಗುತ್ತದೆ. ಆಮ್ಲವನ್ನು ಗಟಾರಕ್ಕೆ ಸುರಿಯುವುದೂ ಅಷ್ಟೇ ದೊಡ್ಡ ಅಪರಾಧ.

ಇನ್ನು, ಬ್ಯಾಟರಿ ಈ ಅವಸ್ಥೆಗೆ ಬಾರದಂತೆ ಕಾಯುವುದು ಅತಿ ಸುಲಭ. ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿರಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ. ಮಗ ಬೆಂಗಳೂರಿಗೆ ನೌಕರಿಗೆ ಹೋಗಿ ಗಾಡಿ ಮನೆಯಲ್ಲಿ ನಿಂತಿದ್ದರೆ ಮೈನಸ್ಸಿನ ತಂತಿ ಬಿಚ್ಚಿಡಿರಿ, ತಿಂಗಳಿಗೊಮ್ಮೆ ನಿಧಾನವಾಗಿ ಚಾರ್ಜು ಮಾಡಿರಿ. ಅಂಗಳದಲ್ಲಿ ಐದು ನಿಮಿಷ ಇಂಜಿನು ಚಾಲೂ ಇಟ್ಟರೆ ಸಾಕೆಂಬ ನಂಬಿಕೆ ಹುಸಿ. ಸ್ಟಾರ್ಟರು ತಿಂದಷ್ಟೂ ಅದರಿಂದ ಮರಳಿ ತುಂಬದೇ ಹೋಗಬಹುದು. ಬ್ಯಾಟರಿ ಪದೇ ಪದೇ ಬತ್ತುತ್ತಿದ್ದರೆ ದೋಷ ಗಾಡಿಯಲ್ಲಿರಬಹುದು. ಇಂಜಿನನ್ನು ತುಸು ಏರಿಸಿ ಹಿಡಿದು ಮೀಟರು ನೋಡಿರಿ, 13.8ರಿಂದ 14.5ರೊಳಗೆ ಇದ್ದರೆ ಕ್ಷೇಮ. ಕಡಿಮೆಯಿದ್ದರೆ ಬ್ಯಾಟರಿಗೆ ಊಟ ಸಾಲದು. 15 ದಾಟಿದರೆ ಅಜೀರ್ಣ. ಎರಡಕ್ಕೂ ಮೆಕ್ಯಾನಿಕನೇ ಬೇಕು.

ಮೀಟರು, ಸಣ್ಣ ಚಾರ್ಜರು ಎರಡನ್ನೂ ಒಂದು ಓಣಿಯ ನಾಲ್ಕಾರು ಮನೆಯವರು ಕೂಡಿ ಕೊಂಡಿಟ್ಟುಕೊಂಡರೆ ಒಬ್ಬೊಬ್ಬರಿಗೆ ಬೀಳುವ ಹೊರೆ ಅತ್ಯಲ್ಪ. ಅವುಗಳನ್ನು ಬಳಸುವುದನ್ನು ಮನೆಯ ಗಂಡುಮಕ್ಕಳಿಗಷ್ಟೇ ಅಲ್ಲ, ಹೆಣ್ಣುಮಕ್ಕಳಿಗೂ ಕಲಿಸಿರಿ. ಮನೆಗೆ ಆಧಾರವಾಗಿದ್ದವರು ಇಲ್ಲವಾದಾಗ ಅವರು ಬಿಟ್ಟುಹೋದ ವಸ್ತುವನ್ನು ಪೂಜೆಗೆ ಇಡುವುದು ಒಂದು ರೀತಿ, ಅಗ್ಗಕ್ಕೆ ಮಾರುವುದು ಇನ್ನೊಂದು ರೀತಿ. ಅದನ್ನು ಒರೆಸಿ, ತುಂಬಿ, ಬದುಕಿರುವವರ ದುಡಿಮೆಗೆ ಹಚ್ಚುವುದೇ ಅವರಿಗೆ ಸಲ್ಲಿಸುವ ಉಚಿತವಾದ ಗೌರವವೆಂದು ನಮ್ಮ ನಂಬಿಕೆ.